ಭಾವನ ಹಂಗೇರಿ ಪಂಚಾಯತ್

ನಮ್ಮ ಭಾವನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಹೇಳಲು ಅಕ್ಕ ಇದ್ದಾಳೆ, ನನಗೇಕೆ ಆ ಕಷ್ಟ? ಮಸ್ಕತ್ತಿನ ನಮ್ಮವರೆಲ್ಲ ರಜೆ ಸಿಕ್ಕರೆ ಊರಿಗೆ ಓಡುತ್ತಾರೆ. ಸ್ವಲ್ಪ ಜೋರಿದ್ದವರು ಸ್ವಿಟ್ಜರ್ಲೆಂಡಿಗೆ ಹೋಗಿ ಹಿಮದಲ್ಲಿ ಜಾರಿ ಬಿದ್ದು ಫೋಟೋ ಹಾಕುತ್ತಾರೆ. ಕಳೆದ ಬೇಸಿಗೆಯಲ್ಲಿ ಭಾವ ಹೆಂಡತಿ ಮಗಳನ್ನು ಕರೆದುಕೊಂಡು ಹೋದದ್ದು ರೊಮೇನಿಯಾದ ಒಂದು ಪಂಚಾಯತಿಗೆ!

ಅಲ್ಲೇನಿದೆ? ನಾಲ್ಕಾರು ಹಳ್ಳಿ, ಆಲೂಗಡ್ಡೆ ಹೊಲ, ದನ. ದೇಶ ರೊಮೇನಿಯಾ, ಆದರೆ ಅಲ್ಲಿನ ಹೆಚ್ಚಿನವರ ಮನೆಮಾತು ಹಂಗೇರಿಯನ್. ಮಸ್ಕತ್ತಿನ ಖುರುಮ್‌ನಲ್ಲಿರುವ ಆಫೀಸಿನಲ್ಲಿ ಭಾವನ ಪಕ್ಕದ ಕುರ್ಚಿಯವನು ಆ ಊರಿನವನು. ಅಷ್ಟು ಗೊತ್ತಾದದ್ದೇ ತಡ, ಕಾಸರಗೋಡಿನ ನಮ್ಮ ಭಾವ ಅವನನ್ನು ಅಪ್ಪಿಕೊಂಡೇಬಿಟ್ಟರು.

"ಕೇರಳದಲ್ಲಿ ನಾವು ಕನ್ನಡದವರು, ರೊಮೇನಿಯಾದಲ್ಲಿ ಅವರು ಹಂಗೇರಿಯವರು. ನಮ್ಮವನೇ ಮಾರಾಯ!"

ಕೆಂಪು ಮೂಗಿನ ಆರಡಿ ನಮ್ಮವ! ನಮ್ಮವ ಅಂದಮೇಲೆ ನೀರುದೋಸೆ ತಿನ್ನಿಸದೆ ಬಿಡಲಾದೀತೇ? ಪ್ರತಿ ಶುಕ್ರವಾರ ಅವನು ಅಲ್ ಖುವೈರಿನ ಭಾವನ ಫ್ಲ್ಯಾಟಿನಲ್ಲಿ ಹಾಜರು, ಅಕ್ಕ ಕಾವಲಿಯ ಮುಂದೆ ಹಾಜರು. ಕೊನೆಗೆ ಅವನೂ ಸೌಜನ್ಯಕ್ಕೆ "ನಮ್ಮೂರಿಗೆ ಬನ್ನಿ" ಎಂದ. ಪಾಪ, ಭಾವನ ಸ್ವಭಾವ ಅವನಿಗೇನು ಗೊತ್ತು? ಹೊರಟೇಬಿಟ್ಟರು.

ಅಲ್ಲಿ ಅವನ ತಾಯಿಯ ಜೊತೆ ಸಂಜೆಯಿಡೀ ಹರಟೆಯಂತೆ. ಆಕೆಗೆ ಹಂಗೇರಿಯನ್ ಬಿಟ್ಟು ಬೇರೆ ಬಾರದು, ಭಾವನಿಗೆ ಅದೊಂದೇ ಬಾರದು! "ಎಂತ ಮಾತಾಡಿದ್ದು?" ಎಂದು ಅಕ್ಕ ಕೇಳಿದ್ದಕ್ಕೆ, "ದನಕ್ಕೆ ಹಿಂಡಿ ಹಾಕುವ ವಿಷಯ" ಎಂದರಂತೆ.

"ಯುರೋಪ್ ತೋರಿಸ್ತೇನೆ ಅಂತ ಕರ್ಕೊಂಡು ಹೋಗಿ ಸೆಗಣಿ ತೋರಿಸಿದ್ರು ಇವ್ರು!" ಅಕ್ಕ ಈಗಲೂ ಸಿಡುಕುತ್ತಾಳೆ. "ಸೋ ಬೋರಿಂಗ್" ಎಂದು ಮಗಳು ಸೇರಿಸುತ್ತಾಳೆ. ಅಪ್ಪ ಕನ್ನಡದಲ್ಲಿ ಏನೇ ಕೇಳಲಿ, ಅವಳ ಉತ್ತರ ಇಂಗ್ಲಿಷಿನಲ್ಲೇ.

ಮೊನ್ನೆ ಭಾವನ ಕಾರಿನಲ್ಲಿ ಬರುತ್ತಿದ್ದೆ. ಹೈವೇಯಲ್ಲಿ ಗಾಡಿಗಳು ಅಲುಗಾಡುತ್ತಿರಲಿಲ್ಲ. ಭಾವ ಆ ಹಳ್ಳಿಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದ ಸದ್ದನ್ನು ಹಾಕಿದರು. ಓಣಿಯಲ್ಲಿ ಮಕ್ಕಳ ಗಲಾಟೆ. ಒಬ್ಬ ಅಪ್ಪ ಏನೋ ಕೂಗುತ್ತಾನೆ, ಒಂದು ಹುಡುಗಿ ಏನೋ ಕೂಗುತ್ತಾಳೆ. ಅಷ್ಟರಲ್ಲಿ ಮಗಳ ಫೋನ್ ಬಂತು.

"ಎಂತ ತರ್ಲಿ ಮಗಾ?"

"ನಥಿಂಗ್, ಪಪ್ಪಾ."

ಭಾವ ಫೋನಿಟ್ಟು ಅದನ್ನೇ ಮತ್ತೆ ಹಾಕಿದರು. "ಒಂದಕ್ಷರ ಅರ್ಥ ಆಗದ್ದನ್ನು ಎಷ್ಟು ಸಲ ಕೇಳೂದು ಭಾವ?" ಎಂದು ನಕ್ಕೆ.

"ಅರ್ಥ ಆಗೂದಿಲ್ಲ ಮಾರಾಯ. ಆದ್ರೆ ಅಪ್ಪ ಕರೆದ ಭಾಷೆಯಲ್ಲೇ ಮಗಳು ಓಗೊಡ್ತಾಳಲ್ಲ. ಅದನ್ನು ಕೇಳ್ಲಿಕ್ಕೆ ಚಂದ."

ಸದ್ದು ಮುಗಿದಾಗ, "ಇನ್ನೊಮ್ಮೆ ಹಾಕಿ ಭಾವ" ಎಂದೆ.