ಜೀಪು ಹತ್ತಿದ ಜ್ವರದ ಮಾತ್ರೆ

ಮಹಾಸೋಂಕಿನ ಆ ವರ್ಷ ಸರ್ಕಾರದ ಬಳಿ ಔಷಧಿಯ ಕೊರತೆ ಇರಲಿಲ್ಲ. ಔಷಧಿ ಇತ್ತು, ಒಂದು ಪೆಟ್ಟಿಗೆ.

ಈ ಪೆಟ್ಟಿಗೆ ಎಲ್ಲ ಆಸ್ಪತ್ರೆಗಳಲ್ಲೂ ಇತ್ತು. ಅದು ಹೇಗೆಂದು ಕೇಳುವವರಿಗೆ ಆಡಳಿತದ ಅನುಭವ ಸಾಲದು. ತಪಾಸಣಾ ಸಮಿತಿಯವರು ಒಂದು ಆಸ್ಪತ್ರೆಯಲ್ಲಿ ಪೆಟ್ಟಿಗೆಯ ಸೀಲು ನೋಡಿ, 'ದಾಸ್ತಾನು ತೃಪ್ತಿಕರ' ಎಂದು ಷರಾ ಬರೆದು ಚಹಾಕ್ಕೆ ಕೂರುವಷ್ಟರಲ್ಲಿ, ಪೆಟ್ಟಿಗೆ ಹಿಂಬಾಗಿಲಿನಿಂದ ಜೀಪು ಹತ್ತಿ ಮುಂದಿನ ಆಸ್ಪತ್ರೆಯ ಕಪಾಟಿನಲ್ಲಿ ಕೂತಿರುತ್ತಿತ್ತು. ಚಹಾವನ್ನು ಆರಲು ಬಿಟ್ಟು ಕುಡಿಯತಕ್ಕದ್ದೆಂದು ನಿಯಮವೇ ಇತ್ತು. ಪೆಟ್ಟಿಗೆಗೆ ಪ್ರಯಾಣಭತ್ಯೆಯೂ ಮಂಜೂರಾಗಿತ್ತು. ಅದಕ್ಕೆ ಸಹಿ ಹಾಕಲು ಬಾರದ ಕಾರಣ ಉಗ್ರಾಣದ ಸಾಹೇಬರೇ ತ್ಯಾಗಬುದ್ಧಿಯಿಂದ ಪಡೆದುಕೊಳ್ಳುತ್ತಿದ್ದರು.

ಜೀಪಿನ ಚಾಲಕರು ನನ್ನ ಭಾವ. ಒಂದು ದಿನ ಅವರಿಗೇ ಸೋಂಕು ತಗುಲಿತು. ಮೈ ಕಾದ ಹೆಂಚಾಯಿತು. ಸ್ಟಿಯರಿಂಗ್ ಎರಡಾಗಿ ಕಾಣತೊಡಗಿತು. ನಿಷ್ಠಾವಂತರು, ಎರಡನ್ನೂ ತಿರುಗಿಸಿದರು.

ಅಕ್ಕ ಜೀಪಿಗೆ ಅಡ್ಡ ನಿಂತಳು. "ಅನ್ನದ ತಪ್ಪಲೆ ತಲೆ ಮೇಲೆ ಹೊತ್ಕೊಂಡು ಉಪವಾಸ ಸಾಯ್ತೀರೇನ್ರೀ? ಸೀಲು ಒಡೀರಿ, ಒಂದು ಮಾತ್ರೆ ನುಂಗಿ."

ಭಾವ ಉಗ್ರಾಣದ ಸಾಹೇಬರಿಗೆ ಫೋನ್ ಮಾಡಿದರು. ಸಾಹೇಬರು ಹೆತ್ತ ತಂದೆಯಂತೆ ಬುದ್ಧಿ ಹೇಳಿದರಂತೆ: ಇಲ್ಲಿ ಒಂದು ಮಾತ್ರೆ ಕಡಿಮೆಯಾದರೆ ಎಲ್ಲ ಆಸ್ಪತ್ರೆಗಳಲ್ಲೂ ಒಂದೊಂದು ಕಡಿಮೆಯಾಗುತ್ತದೆ, ನಾಡಿಗೆ ನಾಡೇ ಅಭಾವಕ್ಕೆ ತುತ್ತಾಗುತ್ತದೆ. "ನಿನ್ನೊಬ್ಬನ ಜ್ವರಕ್ಕೆ ದೇಶಾನೇ ಮಲಗಿಸ್ತೀಯೇನಯ್ಯಾ?"

ಭಾವನಿಗೆ ಕಣ್ಣು ತುಂಬಿ ಬಂತು. ಅಕ್ಕ ಪೆಟ್ಟಿಗೆಗೆ ಕೈ ಹಾಕಿದರೆ ಇವರು ಕೂಸಿನ ಹಾಗೆ ತಬ್ಬಿಕೊಂಡು ಹಿಂದಿನ ಸೀಟಿನಲ್ಲಿ ಬಿದ್ದುಕೊಂಡರು. ಜೀಪು ನಾನೇ ಓಡಿಸಿದೆ. ನನಗೆ ಓಡಿಸಲು ಬಾರದೆಂಬುದು ಅಕ್ಕನ ಆರೋಪ. ಅದಕ್ಕೆ ಸಾಕ್ಷಿ ಆಸ್ಪತ್ರೆಯ ಗೇಟು, ಅದೂ ಈಗ ಇಲ್ಲ. ಊರೂರು ಸುತ್ತಿ ಬರುವಷ್ಟರಲ್ಲಿ ಭಾವನ ಜ್ವರ ತಾನಾಗಿ ಇಳಿಯಿತು.

ಹೇಗೆ ಇಳಿಯಿತೆಂದು ಸಾಹೇಬರು ವಿಚಾರಿಸಿದರು. ಪೆಟ್ಟಿಗೆಯ ಪಕ್ಕ ಮಲಗಿದ್ದರಲ್ಲ ಸಾರ್, ಅದರ ಗಾಳಿ ಬಡಿದಿರಬೇಕು ಎಂದೆ. ತಮಾಷೆಗೆ ಹೇಳಿದ್ದು. ಸಾಹೇಬರು ನಗಲಿಲ್ಲ. ಮರುದಿನವೇ ಪ್ರಕಟಣೆ ಹೊರಬಿತ್ತು:

"ಔಷಧಿ ನುಂಗುವುದು ಹಳೆಯ ಪದ್ಧತಿ. ಇನ್ನು ಮುಂದೆ ರೋಗಿಗಳನ್ನು ಔಷಧಿಯ ಪಕ್ಕದಲ್ಲಿ ಕೂರಿಸಿ ಸುತ್ತಿಸತಕ್ಕದ್ದು. ಊಟಕ್ಕೆ ಮುಂಚೆ ಒಂದು ಸುತ್ತು, ಊಟವಾದ ಮೇಲೆ ಒಂದು ಸುತ್ತು. ಮಕ್ಕಳಿಗೆ ಅರ್ಧ ಸುತ್ತು."

ಜನ ಸಾಲುಗಟ್ಟಿದರು. ಕಾಯಿಲೆ ಬಲಿತವರಿಗೆ ವೈದ್ಯರು ಗುಂಡಿ ಬಿದ್ದ ರಸ್ತೆಯನ್ನೇ ಬರೆದುಕೊಟ್ಟರು, ಔಷಧಿ ಚೆನ್ನಾಗಿ ಕಲಕಲೆಂದು. ಮುಂದಿನ ಸೀಟಿಗೆ ಸಾಹೇಬರು ಬೇರೆ ದರ ಗೊತ್ತುಮಾಡಿದರು. ವಾಂತಿ ಮಾಡಿಕೊಂಡವರು, ಸದ್ಯ, ಔಷಧಿ ಹಿಡಿಯಿತು ಎಂದು ಸಮಾಧಾನಪಟ್ಟರು. ಅಕ್ಕ ಭಾವನನ್ನು ಡಾಕ್ಟ್ರೇ ಎಂದೇ ಕರೆಯತೊಡಗಿದಳು.

ಮೊನ್ನೆ ನನಗೂ ಮೈ ಬಿಸಿಯಾಯಿತು. ಮಾತ್ರೆ ಕೇಳಿದೆ. ಭಾವ ನನ್ನ ನಾಡಿ ಹಿಡಿದು ನೋಡಿ, ಹಿಂದೆ ಹತ್ತಿಸಿ, ಗಂಭೀರವಾಗಿ ಗೇರ್ ಹಾಕಿದರು. ಒಳಗೆ ರೋಗಿಗಳು ಕಿಕ್ಕಿರಿದಿದ್ದರು. ಸೆಕೆ ತಡೆಯಲಾರದೆ ಗಾಜಿಗೆ ಕೈ ಹಾಕಿದೆ. ಅಷ್ಟೂ ಜನ ಒಟ್ಟಿಗೆ ನನ್ನ ಕೈ ಹಿಡಿದುಕೊಂಡರು.

"ಕಿಟಕಿ ತೆಗೀಬೇಡ್ವೋ," ಎಂದರು ಭಾವ, ತಿರುಗಿಯೂ ನೋಡದೆ. "ಔಷಧಿ ಹೊರಗೆ ಹೋಗುತ್ತೆ."