ಡ್ರಿಲ್ ಮಾವನ ನಮಸ್ಕಾರ

ನನ್ನ ಮಾವ ಮೂವತ್ತು ವರ್ಷ ಯಾರ ಮುಂದೆಯೂ ಬಾಗದ ಮನುಷ್ಯ ಎಂದರೆ ನೀವು ಅವನನ್ನು ಮಹಾ ಸ್ವಾಭಿಮಾನಿ ಎಂದುಕೊಳ್ಳುತ್ತೀರಿ. ಸ್ವಾಭಿಮಾನ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಬಾಗದಿದ್ದುದಕ್ಕೆ ಕಾರಣ ಅದಲ್ಲ, ಹೊಟ್ಟೆ.

ಮಾವ ಎಂದರೆ ನಮ್ಮ ಆಯಿಯ, ಅಂದರೆ ಅಮ್ಮನ, ತಮ್ಮ. ಸಿದ್ದಾಪುರದ ಕಡೆಯ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರ. ನಗಬೇಡಿ, ನಿಜವಾಗಿಯೂ ಡ್ರಿಲ್ ಮಾಸ್ತರನೇ. ಸೂರ್ಯನಮಸ್ಕಾರದ ಅಷ್ಟೂ ಭಂಗಿಗಳನ್ನು ಕುರ್ಚಿಯಲ್ಲಿ ಕೂತು ಸೀಟಿ ಊದಿಯೇ ಕಲಿಸಿದ. ಅವನ ಶಾಲೆಯ ಮಕ್ಕಳು ಪ್ರತಿ ವರ್ಷ ಬಹುಮಾನ ತರುತ್ತಿದ್ದರು. ನೀನೂ ಒಂದು ಮಾಡಿ ತೋರಿಸು ಮಾವ ಎಂದರೆ ಅವನ ಉತ್ತರ, ಆನು ಎಂದರೆ ನಾನು, ಯಂಗೆ ಎಂದರೆ ನನಗೆ ಎನ್ನುವ ನಮ್ಮ ಕಡೆಯ ಮಾತಿನಲ್ಲಿ, ಸಿದ್ಧವಿತ್ತು. "ಸೂರ್ಯ ಇಳಿದು ಬಂದು ಯಂಗೆ ನಮಸ್ಕಾರ ಮಾಡ್ತ್ನಾ? ಇಲ್ಲೆ. ಮತ್ತೆ ಆನೆಂತಕ್ಕೆ ಮಾಡವು?"

ಶಿರಸಿಗೆ ಬಂದಾಗಲೆಲ್ಲ ಅಡಿಕೆ ಮಂಡಿಯ ಕಾಟಾದ ಮೇಲೆ ನಿಂತು ತೂಕ ನೋಡಿಕೊಳ್ಳುವುದು ಅವನ ಪದ್ಧತಿ. ಮನುಷ್ಯರನ್ನು ತೂಗುವ ಯಂತ್ರದ ಮುಳ್ಳು ಅವನನ್ನು ಕಂಡರೆ ಒಂದು ಸುತ್ತು ಮುಗಿಸಿ ಮತ್ತೆ ಸೊನ್ನೆಗೇ ಬಂದು ನಿಲ್ಲುತ್ತಿತ್ತು. ಒಮ್ಮೆ ಕಾಟಾ ಒಂದು ಕ್ವಿಂಟಲ್ ಇಪ್ಪತ್ತೆಂಟು ತೋರಿಸಿತು. ಹಮಾಲಿಯವನು ಗಂಭೀರವಾಗಿ ಕೇಳಿದ, "ಮಾಸ್ತರ್ರ, ಚೀಲದ ತೂಕ ಕಳೀಬೇಕೇನ್ರಿ?" ಮಾವ ಅದನ್ನು ಊರಿಗೆಲ್ಲ ತಾನೇ ಹೇಳಿಕೊಂಡು ನಕ್ಕ.

ನಗು ನಿಂತದ್ದು ಒಂದು ದೀಪಾವಳಿಯ ದಿನ. ಮಾವನಿಗೆ ನಾಲ್ಕು ವರ್ಷವಾಗಿದ್ದಾಗ ಅಜ್ಜಿ ತೀರಿಕೊಂಡಿದ್ದಳು. ಆಗ ಹದಿನಾಲ್ಕರ ಹುಡುಗಿಯಾಗಿದ್ದ ಆಯಿಯೇ ಅವನನ್ನು ಸಾಕಿದ್ದು. ಹಾಗಾಗಿ ಹಬ್ಬದ ದಿನ ಅವಳ ಕಾಲಿಗೆ ಬೀಳದೆ ಅವನಿಗೆ ಊಟವಿಲ್ಲ. ಆದರೆ ಬೀಳುವುದು ಹೇಗೆ? ನಿಂತೇ ಕೈ ಮುಗಿಯುತ್ತಿದ್ದ, ಆಯಿ ಕೈ ಎತ್ತಿ ಅವನ ಎದೆಯ ಮಟ್ಟದಲ್ಲೇ ಹರಸುತ್ತಿದ್ದಳು. ಆ ವರ್ಷ ಏನು ಹುಕಿ ಬಂತೋ, ನೆಲಕ್ಕೆ ಬಿದ್ದೇಬಿಟ್ಟ. ಹೊಟ್ಟೆಯ ಮೇಲೆ ತೊಟ್ಟಿಲಿನ ಹಾಗೆ ಆಚೀಚೆ ತೂಗಿದ, ಏಳಲಾಗಲಿಲ್ಲ. ಅಪ್ಪ, ನಾನು, ಹಾಲು ಹಾಕಲು ಬಂದವನು, ಮೂರು ಜನ ಸೇರಿ ಎತ್ತಿದೆವು. ನಮಗೆಲ್ಲ ನಗು. ಆಯಿ ಮಾತ್ರ ನಗಲಿಲ್ಲ.

"ತಮಾ, ದೀರ್ಘಾಯುಷ್ಯ ಆಗ್ಲಿ ಹೇಳಿ ಹರಸ್ತೆ. ಆದ್ರೆ ನಿನ್ನ ನೋಡಿರೆ ಯಂಗೇ ನಂಬಿಕೆ ಬತ್ತಿಲ್ಲೆ" ಎಂದಳು.

ಅಂದು ಮಾವ ಎರಡೇ ಹೋಳಿಗೆ ತಿಂದು ಎದ್ದ. ಏಳುವಾಗ, "ಅಕ್ಕಾ, ಒಂದು ದಿನ ಸಮಾ ಅಡ್ಡಬೀಳ್ತೆ. ಆನೇ ಏಳ್ತೆ" ಎಂದ. ಮರುದಿನದಿಂದ ಕಾನಸೂರಿನ ರಸ್ತೆಯಲ್ಲಿ ಬೆಳಿಗ್ಗೆ ಸಂಜೆ ನಡಿಗೆ. ಊಟದ ಮನೆಗಳಲ್ಲಿ ಬಡಿಸುವವರು ಒತ್ತಾಯ ಮಾಡಿದರೆ ಬಾಳೆಲೆಯ ಮೇಲೆ ಎರಡೂ ಕೈ ಅಡ್ಡ ಇಟ್ಟು ಮಲಗಿಯೇಬಿಡುತ್ತಿದ್ದ. ಮೂರು ವರ್ಷದಲ್ಲಿ ಕಾಟಾ ಎಪ್ಪತ್ತನಾಲ್ಕಕ್ಕೆ ಇಳಿಯಿತು. ಊರಿನವರು ಅಭಿನಂದಿಸಿದರೇ? ಪಾಪ, ಎಂತ ಕಾಯಿಲೆಯೋ ಏನೋ ಎಂದು ಮರುಗಿದರು.

ಹೊಟ್ಟೆ ಹೋಯಿತು, ಅದರ ಚರ್ಮ ಹೋಗಲಿಲ್ಲ. ತೊಡೆಯ ಮೇಲೆ ಜೋತು ಬಿದ್ದಿತ್ತು. ಅದನ್ನು ಮಡಚಿ ಪ್ಯಾಂಟಿನೊಳಗೆ ಸೇರಿಸುವುದಕ್ಕೇ ಅವನಿಗೆ ಬೆಳಿಗ್ಗೆ ಅರ್ಧ ಗಂಟೆ ಬೇಕು. ಮಡಿಕೆಯಲ್ಲಿ ಬೆವರು ನಿಂತು ಹುಣ್ಣು. ಬೋರಲು ಮಲಗಿದರೆ ಜೀವ ಹೋಗುವಷ್ಟು ಉರಿ. "ಕೂಸೆ, ಮಾಲೆಲ್ಲ ಖಾಲಿ ಆತು, ಚೀಲ ಉಳತ್ತು. ಹಮಾಲಿ ಸಮಾ ಹೇಳಿದ್ದ" ಎಂದ ನನ್ನ ಹತ್ತಿರ. ಅಷ್ಟು ನಡೆದೂ ಅಕ್ಕನಿಗೆ ಕೊಟ್ಟ ಮಾತು ಹಾಗೇ ಬಾಕಿ ಉಳಿದಿತ್ತು.

ಹುಬ್ಬಳ್ಳಿಯ ಡಾಕ್ಟರೊಬ್ಬರು ಹೆಚ್ಚಿನ ಚರ್ಮ ಕತ್ತರಿಸಿ ಹೊಲಿಯಬಹುದು ಎಂದರು. ಈ ವಯಸ್ಸಿನಲ್ಲಿ ಚಂದ ಕಾಣಲಿಕ್ಕೆ ಆಪರೇಷನ್ನೇ ಎಂದು ನೆಂಟರು ಆಡಿಕೊಂಡರು. ಮಾವ ಕಿವಿಗೆ ಹಾಕಿಕೊಳ್ಳದೆ ಹೋಗಿ ಮಾಡಿಸಿಕೊಂಡ. ಚರ್ಮ ಎಳೆದು ಹೊಲಿದಾಗ ಹೊಕ್ಕುಳಿಗೆ ಹೊಸ ಜಾಗ ಮಾಡಬೇಕಾಗುತ್ತದಂತೆ. "ಮೂವತ್ತು ವರ್ಷ ಒಂದೇ ಶಾಲೆ, ಯಂಗೆ ಟ್ರಾನ್ಸ್‌ಫರ್ ಆಗಿತ್ತಿಲ್ಲೆ. ಹೊಕ್ಳಿಗೆ ಆತು" ಎಂದು ಬಂದವರಿಗೆಲ್ಲ ಹೇಳಿದ.

ಮದುವೆಯಾಗದ ಮಾವನನ್ನು ಆರೈಕೆಗೆ ಶಿರಸಿಯ ನಮ್ಮ ಮನೆಗೇ ತಂದೆವು. ಹೊಟ್ಟೆಗೆ ಬಿಗಿ ಪಟ್ಟಿ, ಗಾಯದ ನೀರು ಇಳಿಯಲು ಎರಡು ಬದಿಗೆ ನಳಿಗೆ, ನಳಿಗೆಯ ತುದಿಗೆ ಬಾಟಲಿ, ಬಾಟಲಿಗಳು ಹೆಗಲಿನ ಬಟ್ಟೆಚೀಲದಲ್ಲಿ. ಹೊಲಿಗೆ ಎಳೆಯಬಾರದೆಂದು ಕೆಲವು ವಾರ ಸೊಂಟ ಬಾಗಿಸಿಯೇ ನಡೆಯಬೇಕು. ವಿಧಿಯಾಟ ನೋಡಿ, ಬಾಗಲಾರದ ಮನುಷ್ಯ ಈಗ ನೆಟ್ಟಗೆ ನಿಲ್ಲಲಾರ.

ನಮ್ಮಲ್ಲಿ ಎದುರು ಬಂದು ಬಾಗಿದವರನ್ನು ಹರಸದೆ ಬಿಡುವವರುಂಟೆ? ಪಕ್ಕದ ಮನೆಯ ಅಜ್ಜ ರೋಗಿಯನ್ನು ನೋಡಲು ಬಂದ. ಕಣ್ಣು ಮಂಜು. ಮಾವ ಮರ್ಯಾದೆಗೆ ಎದ್ದು ನಾಲ್ಕು ಹೆಜ್ಜೆ ಹೋದದ್ದೇ ತಡ, ಅಜ್ಜ ತಲೆಯ ಮೇಲೆ ಕೈ ಇಟ್ಟು, "ಬೇಗ ಮದುವೆ ಆಗಿ ಮಕ್ಕ ಆಗ್ಲಿ" ಎಂದುಬಿಟ್ಟ. ಮಾವನಿಗೆ ಆಗ ಐವತ್ತೆರಡು. ಹೊಟ್ಟೆಗೆ ದಿಂಬು ಒತ್ತಿಕೊಂಡು, "ಅಜ್ಜಾ, ನಗ್ಸಡಿ, ಹೊಲಿಗೆ ಬಿಡ್ತು" ಎಂದು ಒದ್ದಾಡಿದ.

ಮೂರನೆಯ ವಾರ ನಳಿಗೆ ತೆಗೆದ ಮೇಲೆ ನನ್ನ ಕೈ ಹಿಡಿದು ಬಸ್‌ಸ್ಟ್ಯಾಂಡಿನ ತನಕ ನಡೆದ. ದಾಸನಕೊಪ್ಪದ ಕಂಡಕ್ಟರ್ ಒಬ್ಬ ಅವನ ಹಳೆಯ ವಿದ್ಯಾರ್ಥಿ. ಮಾಸ್ತರರು ತನ್ನೆದುರು ಬಾಗಿ ನಿಂತದ್ದು ಕಂಡು ಗಾಬರಿಬಿದ್ದ. "ಏನ್ರಿ ಸರ್, ನೀವು ನನಗ ನಮಸ್ಕಾರ ಮಾಡೂದೇನ್ರಿ?" ಎನ್ನುತ್ತ ಅವನೂ ಬಾಗಿದ. ಮಾವ ನೆಟ್ಟಗಾಗುವವರೆಗೆ ತಾನು ಏಳಬಾರದೆಂದು ಅವನ ಹಟ. ಮಾವ ನೆಟ್ಟಗಾಗುವಂತಿಲ್ಲ. ಬಸ್ಸು ಹತ್ತು ನಿಮಿಷ ತಡವಾಗಿ ಹೊರಟಿತು.

ಮೂರು ತಿಂಗಳು ಭಾರ ಎತ್ತುವುದಾಗಲಿ, ಬೋರಲು ಮಲಗುವುದಾಗಲಿ ಕೂಡದು ಎಂದಿದ್ದರು ಡಾಕ್ಟರು. ಮಾವನಿಗೆ ತಡೆಯುವುದೆಲ್ಲಿ? ದೇವರ ಕೋಣೆಯಲ್ಲಿ ಚಾಪೆ ಹಾಸಿ ಮೊಣಕಾಲೂರಿ ಅಭ್ಯಾಸ ಶುರುಮಾಡಿದ್ದ. ಆಯಿ ಕಂಡಳು. ಬೈಯಲಿಲ್ಲ. ಗೋಡೆಯ ಗೂಟಕ್ಕೆ ನೇತುಹಾಕಿದ್ದ ಅವನದೇ ಸೀಟಿ ತೆಗೆದು ಜೋರಾಗಿ ಊದಿದಳು. ಮಾವ ಮೊಣಕಾಲಿನಲ್ಲೇ ಅಟೆನ್ಷನ್ ಆದ. ಅಂದಿನಿಂದ ಸೀಟಿ ಆಯಿಯ ಕೊರಳಿಗೆ ಬಂತು. ಬಕೆಟ್ಟಿಗೆ ಕೈ ಹಾಕಿದರೆ ಒಂದು ಸೀಟಿ, ಬೆಲ್ಲದ ಡಬ್ಬಿಗೆ ಹಾಕಿದರೆ ಎರಡು.

"ಸರ್ಕಾರಿ ನೌಕರನ ಮೇಲೆ ದಬ್ಬಾಳಿಕೆ" ಎಂದ ಮಾವ.

"ನೀ ರಜೆ ಮೇಲಿದ್ದೆ, ಸುಮ್ನೆ ಮಲಕ್ಯ" ಎಂದಳು ಆಯಿ.

ಹೊಗಳಿದರೆ ಮಾವನ ತಲೆಗೇರುತ್ತದೆ ಎಂದು ಅವನೆದುರು ಬಾಯಿಬಿಟ್ಟು ಹೇಳಿರಲಿಲ್ಲ, ಇಲ್ಲಿ ಹೇಳುತ್ತೇನೆ. ಇಂಚಿಂಚೇ ನೆಟ್ಟಗಾಗುತ್ತಿದ್ದ ಆ ಮನುಷ್ಯನನ್ನು ಕಂಡು ನನಗೆ ಆದಷ್ಟು ಹೆಮ್ಮೆ ನನ್ನ ಡಿಗ್ರಿ ಬಂದಾಗಲೂ ಆಗಲಿಲ್ಲ.

ಮೂರು ತಿಂಗಳು ಕಳೆದು, ಡಾಕ್ಟರಿಗೆ ತೋರಿಸಿ ಹುಬ್ಬಳ್ಳಿಯಿಂದ ಬಂದವನು ಕಾಲು ತೊಳೆದು ನೇರ ಅಡುಗೆಮನೆಯ ಬಾಗಿಲಿಗೆ ನಡೆದ. "ಅಕ್ಕಾ, ಇಲ್ಲಿ ಬಾ" ಎಂದ. ಆಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಮಾವ ಕೈ ಮುಗಿದದ್ದು ಕಂಡು, ಅಭ್ಯಾಸದಂತೆ ಅವನ ಎದೆಯ ಮಟ್ಟಕ್ಕೆ ಕೈ ಚಾಚಿದಳು. ಅಲ್ಲಿ ಮಾವ ಇರಲಿಲ್ಲ. ಹಣೆಯಿಂದ ಕಾಲ್ಬೆರಳಿನವರೆಗೆ ನೆಲಕ್ಕಂಟಿ ಮಲಗಿದ್ದ. ಎಲ್ಲಿಯೂ ತೂಗಲಿಲ್ಲ.

ಆಯಿ ಕೆಳಗೆ ನೋಡಿದಳು. ನಿಧಾನ ಕೂತು, ಅವನ ತಲೆಯ ಮೇಲೆ ಕೈ ಇಟ್ಟಳು.

"ದೀರ್ಘಾಯುಷ್ಯ ಆಗ್ಲಿ ತಮಾ."

"ಅಕ್ಕಾ, ಈಗ ನಂಬಿಕೆ ಬಂತಾ?" ನೆಲದಿಂದ ಕೇಳಿತು.

 ಏಳು ಎನ್ನಲಿಕ್ಕೆಂದು ಆಯಿ ಸೀಟಿಯನ್ನು ಬಾಯಿಗಿಟ್ಟುಕೊಂಡಳು. ಅದರಲ್ಲಿ ಬರೀ ಉಸಿರು ಬಂತು. ಹಳೆಯ ನೆನಪಿನಿಂದ ಅಪ್ಪ, ನಾನು ಇಬ್ಬರೂ ಎತ್ತಲು ಓಡಿದೆವು.

ಮಾವ ಅಂಗೈ ನೆಲಕ್ಕೂರಿ ತಾನೇ ಎದ್ದ.