ತಾಸಿನ ಲೆಕ್ಕದ ಕಂಪ್ಯೂಟರು

ಬಾಡಿಗೆಗೆ ಸಿಗುವ ವಸ್ತುವನ್ನು ಕೊಂಡು ತರುವವನು ಶುದ್ಧ ಹುಚ್ಚ ಎಂಬುದು ನನ್ನ ಬಹುಕಾಲದ ಸಿದ್ಧಾಂತವಾಗಿತ್ತು. ಮದುವೆಗೆ ಪಾತ್ರೆ, ಹೊಲಕ್ಕೆ ಟ್ರ್ಯಾಕ್ಟರ್ ಬಾಡಿಗೆಗೆ ಸಿಗುವಾಗ ಕಂಪ್ಯೂಟರನ್ನು ಮಾತ್ರ ಯಾಕೆ ತಂದು ಸಾಕಬೇಕು? ಗೋಕಾಕದಲ್ಲಿ ನಮ್ಮದು ಕರದಂಟಿನ ಅಂಗಡಿ. ಬಸ್‌ಸ್ಟ್ಯಾಂಡಿನ ಬಾಜೂಕ್ಕೆ ಆಗಷ್ಟೇ ಇಂಟರ್‌ನೆಟ್ ಸೆಂಟರ್ ತೆರೆದಿತ್ತು. ತಾಸಿನ ಲೆಕ್ಕ, ಕೂತಷ್ಟಕ್ಕೆ ರೊಕ್ಕ. ಕೆಟ್ಟರೆ ಅವರ ಪಾಡು, ಧೂಳು ಒರೆಸುವವರೂ ಅವರೇ. ಹೆಂಡತಿ ಸರೋಜಾ "ನಮಗೂ ಒಂದ್ ತಂದಬಿಡ್ರಿ" ಎಂದಾಗಲೆಲ್ಲ, "ಹಾಲು ಕುಡಿಯಾಕ ಎಮ್ಮಿನೇ ಕಟ್ಟಬೇಕೇನ?" ಎನ್ನುತ್ತಿದ್ದೆ. "ಎಮ್ಮಿ ಕಟ್ಟಿದವರ ಹಾಲಿಗೆ ನೀರು ಬೀಳೂದಿಲ್ಲರಿ" ಎನ್ನುತ್ತಿದ್ದಳು. ಮಾತಿನಲ್ಲಿ ಅವಳನ್ನು ಗೆದ್ದ ನೆನಪು ನನಗಿಲ್ಲ.

ಆ ವರ್ಷ ದೀಪಾವಳಿಗೆ ಮುಂಚೆ ಕೊಲ್ಹಾಪುರದ ದೊಡ್ಡ ವ್ಯಾಪಾರಿಯೊಬ್ಬರು ಫೋನ್ ಮಾಡಿದರು. ಸಂಜೆ ಐದರೊಳಗೆ ದರಪಟ್ಟಿ ಇ-ಮೇಲ್ ಮಾಡಬೇಕು, ಮಾಡಿದರೆ ಹಬ್ಬದ ಆರ್ಡರ್ ನಮಗೆ. ಅಂಥ ಆರ್ಡರಿಗಾಗಿ ನಾನು ಎಷ್ಟು ದೇವರಿಗೆ ಕೈಮುಗಿದಿದ್ದೆನೋ! ಓಡಿಹೋಗಿ ಸೆಂಟರಿನಲ್ಲಿ ಕೂತೆ. ಅಂಗಡಿಯ ಹೆಸರು ಬಡಿಯುವಷ್ಟರಲ್ಲಿ "ಏನಪಾ, ಇಲ್ಲೆ ಕುಂತೀ?" ಎಂಬ ದನಿ. ಕಲ್ಲೋಳಿಯ ಕಾಕಾ, ನಮ್ಮಪ್ಪನ ಚಿಕ್ಕಪ್ಪನ ಮಗ. ಸಂತೆಗೆ ಬಂದವರು ಬಾಗಿಲಲ್ಲಿ ನನ್ನನ್ನು ಕಂಡು ಒಳಗೆ ಬಂದಿದ್ದರು. ಹಿರಿಯರು ನಿಂತಿರುವಾಗ ಕೂತಿರುವುದು ನಮ್ಮ ಮನೆತನದಲ್ಲಿಲ್ಲ. ಎದ್ದು, "ಕೂಡ್ರಿ ಕಾಕಾ" ಎಂದೆ, ಬಾಯಿಮಾತಿಗೆ. ಅವರು ಖರೆನೇ ಕೂತರು! ಕಬ್ಬು, ಮೊಣಕಾಲು, ಮೊಮ್ಮಗಳಿಗೆ ಬಂದ ಸಂಕೇಶ್ವರದ ವರ, ಎಲ್ಲವೂ ನಿಧಾನವಾಗಿ ಹೊರಬಂದವು. "ಸ್ವಲ್ಪ ಏಳ್ರಿ" ಎನ್ನಲು ನನ್ನ ನಾಲಿಗೆ ಏಳಲೇ ಇಲ್ಲ. ತಾಸು ಮುಗಿದದ್ದೇ ಸೆಂಟರಿನ ಮಾಲೀಕ "ಟೈಮ್ ಆತು, ಏಳ್ರಿ" ಎಂದು ಕಾಕಾರನ್ನು ಎಬ್ಬಿಸಿ ಮುಂದಿನವರನ್ನು ಕೂಡಿಸಿದ. ಸರದಿ ದೊಡ್ಡದಿತ್ತು. ಆರ್ಡರ್ ಬೇರೆಯವರ ಪಾಲಾಯಿತು.

ಸಿದ್ಧಾಂತ ಹಾಳಾಗಿ ಹೋಗಲಿ, ಮುಂದಿನ ದೀಪಾವಳಿಯ ಆರ್ಡರ್ ಬಿಟ್ಟರೆ ನಾನು ಗಂಡಸೇ ಅಲ್ಲ ಎಂದು ಹಟ ತೊಟ್ಟು ಕಂತಿನ ಮೇಲೆ, ಇಂಟರ್‌ನೆಟ್ ಸಮೇತ ಮನೆಗೆ ಕಂಪ್ಯೂಟರ್ ತಂದೆ. ಸರೋಜಾ ಅದಕ್ಕೆ ಕುಂಕುಮ ಹಚ್ಚಿ, ಆರತಿ ಬೆಳಗಿ, ನನ್ನ ಕಡೆ ಒಂದು ನೋಟ ಬೀರಿದಳು.

ಮರುವರ್ಷ ಅದೇ ವ್ಯಾಪಾರಿ, ಅದೇ ಐದು ಗಂಟೆ. ನಮ್ಮ ಕಂಪ್ಯೂಟರಿನ ಮುಂದೆ ಮಧ್ಯಾಹ್ನದಿಂದ ಕಲ್ಲೋಳಿ ಕಾಕಾ ಕೂತಿದ್ದರು! ಅದರಲ್ಲಿ ಇಸ್ಪೀಟ್ ಆಡುವುದನ್ನು ಕಲಿತ ಮೇಲೆ ಅವರಿಗೆ ವಾರದ ಸಂತೆ ಸಾಲದಾಗಿ, ದಿನಾ ಬರತೊಡಗಿದ್ದರು. "ಕಾಕಾ, ಒಂದ್ ಅರ್ಜೆಂಟ್ ಕೆಲಸ ಇತ್ರಿ..." ಎಂದೆ. "ತಡಿಯಪಾ, ಇದೊಂದ್ ಆಟ ಮುಗೀಲಿ" ಎಂದರು. ಸ್ವಂತದ ಯಂತ್ರ ನೋಡಿ, ತಾಸಿನ ಹಂಗಿಲ್ಲ. ಟೈಮ್ ಆತು ಎನ್ನುವ ಪುಣ್ಯಾತ್ಮನೂ ಇಲ್ಲ. ಈ ಸಲ ಬಿಡಬಾರದು ಎಂದು ಚಪ್ಪಲಿ ಮೆಟ್ಟಿದವನೇ ಸೆಂಟರಿಗೆ ಓಡಿದೆ. ಬೆನ್ನ ಹಿಂದೆ ಪರಿಚಯದ ಹಿರಿಯರೊಬ್ಬರು ಬಂದು ನಿಂತದ್ದೇ ಮಾಲೀಕ "ಹೊರಗ ನಿಂದರ್ರಿ, ಅವರ ಟೈಮ್ ನಡದೈತಿ" ಎಂದು ಗದರಿಸಿದ. ಆ ಒರಟನ ಮೇಲೆ ನನಗೆ ಉಕ್ಕಿದ ಪ್ರೀತಿ ಹೇಳತೀರದು.

ಆರ್ಡರ್ ಬಂತು. ಕಂಪ್ಯೂಟರಿನ ಕಾಲ್ಗುಣ ಎಂದು ಸರೋಜಾ ಓಣಿಯೆಲ್ಲ ಹೇಳಿಕೊಂಡು ಬಂದಳು. ನಾನು ಹೂಂಗುಟ್ಟಿದೆ. ಈಗಲೂ ಮಹತ್ವದ ಕೆಲಸವಿದ್ದರೆ ಸದ್ದಿಲ್ಲದೆ ಸೆಂಟರಿಗೇ ಹೋಗುತ್ತೇನೆ. ಮೊನ್ನೆ ಹಾಗೆ ಹೊರಟಾಗ ಕಾಕಾ ಇಸ್ಪೀಟ್ ಎಲೆಗಳಿಂದ ಕಣ್ಣು ತೆಗೆಯದೆ ಕೇಳಿದರು: "ಮನ್ಯಾಗ ಇಂಥಾದ್ ಇಟ್ಕೊಂಡು ರೊಕ್ಕಾ ಕೊಟ್ಟು ಅಲ್ಲಿಗೆ ಯಾಕ ಹೊಕ್ಕೀಯೋ? ತಲಿ ಗಿಲಿ ಕೆಟ್ಟೈತೇನ?"

"ಹೌದ್ರಿ ಕಾಕಾ" ಎಂದು, ಅವರಿಗೆ ಇನ್ನೊಂದು ಚಹಾ ಹೇಳಿ ಹೊರಟೆ.